ಕಾಳಗದ ಮೀನು ಮತ್ತು ಅದರ ಚಿಕ್ಕ ಪಾತ್ರೆ: ಬೆಟ್ಟಾ ಸಾಕಣೆಯ ಇತಿಹಾಸ

ಸಾಕುಮೀನಿನ ವ್ಯಾಪಾರದಲ್ಲಿ ಬೆಟ್ಟಾ ಮೀನಿಗೆ ಸಿಕ್ಕಿರುವ ಸ್ಥಾನ ವಿಚಿತ್ರವಾದದ್ದು. ಬ್ಯಾಂಕಾಕಿನ ಚತುಚಕ್ ಸಂತೆಯಲ್ಲಾಗಲಿ ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಾಗಲಿ, ಉಳಿದ ಮೀನುಗಳು ದೊಡ್ಡ ಗಾಜಿನ ತೊಟ್ಟಿಗಳಲ್ಲಿ ಗುಂಪಾಗಿ ಈಜುತ್ತಿದ್ದರೆ, ಅಂಗಡಿಯವರು ‘ಫೈಟರ್’ ಎಂದೇ ಕರೆಯುವ ಈ ಮೀನು ಮಾತ್ರ ಒಂಟಿಯಾಗಿ ಒಂದು ಲೋಟದಲ್ಲೋ ಸೀಸೆಯಲ್ಲೋ ಪ್ಲಾಸ್ಟಿಕ್ ಡಬ್ಬಿಯಲ್ಲೋ ನಿಂತಿರುತ್ತದೆ. ಕೊಂಡವರಲ್ಲಿ ಹಲವರು ಅದನ್ನು ಮನೆಯಲ್ಲಿಯೂ ಅಂಥದೇ ಪಾತ್ರೆಯಲ್ಲಿಡುತ್ತಾರೆ. ಈ ಮೀನಿಗೆ ಅಷ್ಟು ಜಾಗವೇ ಸಾಕೆಂಬ ಮಾತು ವ್ಯಾಪಾರದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಆ ಮಾತಿನ ಮೂಲವನ್ನು ಮೀನಿನ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಅದರ ಸಾಕಣೆಯ ಇತಿಹಾಸದಲ್ಲಿ ಹುಡುಕುವುದು ಸರಿ. ಸಿಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ಜೂಜಿನ ಕಾಳಗಕ್ಕೆ ಮೀನನ್ನು ಅಣಿಗೊಳಿಸುವವರು ಬಳಸುತ್ತಿದ್ದ ಚಿಕ್ಕ ಪಾತ್ರೆ ಮೀನಿನ ಜೊತೆಗೇ ಲೋಕವನ್ನೆಲ್ಲ ಸುತ್ತಿತು. ಆ ಪಾತ್ರೆಯ ಸುತ್ತ ಬೆಳೆದಿದ್ದ ದಿನನಿತ್ಯದ ಆರೈಕೆಯ ಬಹುಪಾಲು ಅಲ್ಲಿಯೇ ಉಳಿದುಹೋಯಿತು.

ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಶಾಸ್ತ್ರೀಯ ಹೆಸರಿನ ಈ ಜಾತಿಯ ತವರು ಮಧ್ಯ ಥಾಯ್ಲೆಂಡಿನ ಚಾವೊ ಫ್ರಾಯಾ ನದಿಯ ಬಯಲು. ಮಳೆಗಾಲದಲ್ಲಿ ನದಿ ಉಕ್ಕಿ ಹರಡುವ ಈ ಬಯಲಿನ ಭತ್ತದ ಗದ್ದೆ, ಜೌಗು, ಹುಲ್ಲು ಬೆಳೆದ ಕಾಲುವೆಗಳಲ್ಲಿ ನೀರು ಆಳವಿಲ್ಲದೆ, ಬಹುಮಟ್ಟಿಗೆ ನಿಂತಂತೆಯೇ ಇರುತ್ತದೆ. ಕೊಳೆಯುವ ಎಲೆ ಮತ್ತು ಹುಲ್ಲಿನಿಂದ ಬಣ್ಣಗೂಡಿ, ಬಿಸಿಲಿಗೆ ಕಾದು, ಕರಗಿದ ಆಮ್ಲಜನಕವನ್ನು ಬಹಳಷ್ಟು ಕಳೆದುಕೊಂಡಿರುತ್ತದೆ. ಅಂಥ ನೀರಿನಲ್ಲಿ ಕಿವಿರುಗಳನ್ನು ಮಾತ್ರ ನಂಬಿದ ಮೀನು ಬದುಕುವುದು ಕಷ್ಟ. ಬೆಟ್ಟಾದ ತಲೆಯಲ್ಲಿ, ಕಿವಿರುಗಳ ಮೇಲ್ಭಾಗದ ಕುಳಿಯೊಳಗೆ, ರಕ್ತನಾಳಗಳು ತುಂಬಿದ ತೆಳುಪೊರೆಯನ್ನು ಹೊದ್ದು ಮಡಿಕೆಮಡಿಕೆಯಾಗಿ ಬೆಳೆದ ಒಂದು ಅಂಗವಿದೆ. ಹಾದಿ ತಪ್ಪಿಸುವ ಸುತ್ತುಗಳಂತೆ ಕಾಣುವುದರಿಂದ ಪ್ರಾಣಿಶಾಸ್ತ್ರಜ್ಞರು ಇದನ್ನು ‘ಲ್ಯಾಬಿರಿಂತ್’ ಎಂದು ಕರೆದರು. ಮೀನು ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಈ ಅಂಗದಲ್ಲಿ ಹಿಡಿದಿಟ್ಟುಕೊಂಡು ಅದರಿಂದ ಆಮ್ಲಜನಕವನ್ನು ಪಡೆಯುತ್ತದೆ. ಕರ್ನಾಟಕದ ಕೆರೆಗಳ ಕೊರವ ಮೀನು ಕೂಡ ಅಂಗರಚನೆ ಬೇರೆಯಾದರೂ ಇದೇ ರೀತಿ ಗಾಳಿಯನ್ನು ಬಳಸಿಕೊಳ್ಳುತ್ತದೆ. ಕೊರವ ನೀರಿನಿಂದ ತೆಗೆದ ಮೇಲೂ ಬಹಳ ಹೊತ್ತು ಜೀವ ಹಿಡಿದಿರುವುದನ್ನು ಮೀನು ಮಾರುಕಟ್ಟೆಗೆ ಹೋಗುವವರೆಲ್ಲ ಕಂಡಿರುತ್ತಾರೆ.

ಈ ಒಂದು ಅಂಗದ ಬಗೆಗಿನ ಅರ್ಧ ತಿಳಿವಳಿಕೆಯೇ ಮುಂದೆ ಬಂದ ಅನೇಕ ತಪ್ಪುಗಳ ಬೇರು. ಗಾಳಿಯನ್ನು ಉಸಿರಾಡುವುದರಿಂದ ಬೆಟ್ಟಾಕ್ಕೆ ಕಡಿಮೆ ಆಮ್ಲಜನಕದ ನೀರು ನಡೆಯುತ್ತದೆ ಎಂಬುದು ನಿಜ; ಆದರೆ ದೇಹದೊಳಗೆ ಹುಟ್ಟುವ ಅಮೋನಿಯವನ್ನು ಅದು ಮುಖ್ಯವಾಗಿ ಕಿವಿರುಗಳ ಮೂಲಕ ನೀರಿಗೇ ಬಿಡಬೇಕು, ಮತ್ತು ಆ ನೀರು ಕೊಂಚವೇ ಇದ್ದರೆ ತನ್ನ ವಿಷದಲ್ಲಿಯೇ ತಾನು ನಿಲ್ಲಬೇಕಾಗುತ್ತದೆ. ಗದ್ದೆಯ ನೀರು ಗೇಣುದ್ದವಷ್ಟೇ ಆಳವಿದ್ದರೂ ಎಕರೆಗಟ್ಟಲೆ ಹರಡಿಕೊಂಡಿರುತ್ತದೆ, ಅದರ ಕೆಸರಿನಲ್ಲಿ ಮತ್ತು ಗಿಡಗಳ ಬುಡದಲ್ಲಿ ಕೊಳೆಯನ್ನು ಕರಗಿಸುವ ಜೀವಿಗಳು ತುಂಬಿರುತ್ತವೆ. ಆಳವಿಲ್ಲದ ನೀರೆಂದರೆ ಕಡಿಮೆ ನೀರೆಂದು ಎಣಿಸಿದವರು ಈ ವ್ಯತ್ಯಾಸವನ್ನು ಗಮನಿಸಲಿಲ್ಲ.

ಮೀನಿನ ಸಂಸಾರವೂ ಇದೇ ನೀರಿಗೆ ಹೊಂದಿಕೊಂಡದ್ದು. ಗಂಡು ಮೀನು ಬಾಯಿಂದ ಜೊಲ್ಲು ಬೆರೆತ ಗುಳ್ಳೆಗಳನ್ನು ಒಂದೊಂದಾಗಿ ಊದಿ, ನೀರಿನ ಮೇಲೆ ತೇಲುವ ಎಲೆಯ ಅಡಿಯಲ್ಲಿಯೋ ಹುಲ್ಲಿನ ನಡುವೆಯೋ ನೊರೆಯ ಗೂಡು ಕಟ್ಟುತ್ತದೆ. ಮೊಟ್ಟೆಗಳು ಕೆಳಗೆ ಬೀಳುತ್ತಿದ್ದಂತೆ ಅವನ್ನು ಬಾಯಲ್ಲಿ ಆರಿಸಿ ತಂದು ಗುಳ್ಳೆಗಳ ನಡುವೆ ಇಡುವುದು, ಜಾರಿದವನ್ನು ಮತ್ತೆ ತಂದಿಡುವುದು, ಹೆಣ್ಣನ್ನೂ ಸೇರಿಸಿ ಎಲ್ಲರನ್ನೂ ಗೂಡಿನಿಂದ ಓಡಿಸುವುದು ಅದರ ಕೆಲಸ. ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ, ಇನ್ನೆರಡು ಮೂರು ದಿನಗಳಲ್ಲಿ ಮರಿಗಳು ತಾವಾಗಿಯೇ ಈಜತೊಡಗುತ್ತವೆ. ಗೂಡು ಕಟ್ಟಿದ ಜಾಗವನ್ನು ಇನ್ನೊಂದು ಗಂಡಿಗೆ ಬಿಟ್ಟುಕೊಡದಿರುವ ಹಟದಿಂದಲೇ ಮೀನಿನ ಕಾಳಗ ಹುಟ್ಟಿತು. ಗದ್ದೆಯಲ್ಲಿ ಸೋಲುವ ಮೀನಿಗೆ ಓಡಿಹೋಗಲು ದಾರಿಯಿರುವುದರಿಂದ ಅಲ್ಲಿ ಜಗಳ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಪಾತ್ರೆಯೊಳಗೆ ಆ ದಾರಿ ಇಲ್ಲ.

ಮನುಷ್ಯರು ಈ ಹಟವನ್ನು ಯಾವಾಗ ಆಟವಾಗಿಸಿಕೊಂಡರು ಎಂಬುದಕ್ಕೆ ಬರವಣಿಗೆಯ ದಾಖಲೆಗಳಿಗಿಂತ ಮೀನಿನ ದೇಹವೇ ಹೆಚ್ಚು ಹಳೆಯ ಸಾಕ್ಷಿಯನ್ನು ಒದಗಿಸಿದೆ. ಸಾಕಿದ ಮತ್ತು ಕಾಡಿನ ಬೆಟ್ಟಾಗಳ ಜೀನೋಮುಗಳನ್ನು, ಅಂದರೆ ಒಂದು ಜೀವಿಯ ಸಮಗ್ರ ಆನುವಂಶಿಕ ಬರಹವನ್ನು, ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಪಳಗಿಸುವಿಕೆ ಕನಿಷ್ಠ 1000 ವರ್ಷಗಳಷ್ಟು ಹಿಂದೆಯೇ ಆರಂಭವಾಗಿರಬೇಕೆಂದು ಅಂದಾಜಿಸಿತು. ಬಾಯಿಗೆ ಉಣಿಸಾಗದ, ಹೊಲದ ಕೆಲಸಕ್ಕೂ ಬಾರದ, ಬೆರಳುದ್ದದ ಒಂದು ಪ್ರಾಣಿಯನ್ನು ಇಷ್ಟು ದೀರ್ಘ ಕಾಲ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಬೆಳೆಸಿದ ಉದಾಹರಣೆಗಳು ಮನುಷ್ಯನ ಇತಿಹಾಸದಲ್ಲಿ ಹೆಚ್ಚಿಲ್ಲ. ಕಾಳಗದವರು ತಮ್ಮ ಮೀನುಗಳನ್ನು ಎರಡು ವರ್ಗಗಳಾಗಿ ಎಣಿಸುತ್ತಿದ್ದರು: ಗದ್ದೆ ಮತ್ತು ಜೌಗಿನಿಂದ ಹಿಡಿದು ತಂದದ್ದು ‘ಲುಕ್ ಪಾ’, ಎಂದರೆ ಕಾಡಿನ ಮರಿ, ಮನೆಯಲ್ಲಿ ಬೆಳೆಸಿದ್ದು ‘ಲುಕ್ ಮೊ’, ಎಂದರೆ ಮಡಕೆಯ ಮರಿ. ಮೊದಲನೆಯದು ಚುರುಕಾದದ್ದು, ಆದರೆ ಬಹಳ ಹೊತ್ತು ನಿಲ್ಲದು. ಎರಡನೆಯದರ ಮೈ ದಪ್ಪ, ಹುರುಪೆ ಗಟ್ಟಿ, ಹಟ ದೀರ್ಘ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಈ ಆಟ ಬರಿಯ ಹಳ್ಳಿಗರ ಕಾಲಹರಣವಾಗಿ ಉಳಿದಿರಲಿಲ್ಲ. ಅದರ ಬಗ್ಗೆ ಯುರೋಪಿನ ವಿದ್ವಾಂಸರಿಗೆ ದೊರೆತ ಮೊದಮೊದಲ ವಿವರಗಳಲ್ಲಿ ಒಂದು ಭಾರತದ ನೆಲದಿಂದಲೇ ಹೋದದ್ದು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯಲ್ಲಿದ್ದ ಡೆನ್ಮಾರ್ಕಿನ ವೈದ್ಯ ಥಿಯೊಡೋರ್ ಕ್ಯಾಂಟರ್, ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ಸಸ್ಯಶಾಸ್ತ್ರಜ್ಞ ನಥಾನಿಯಲ್ ವಾಲಿಕನ ಸೋದರಳಿಯ, ಮಲಯದ ಮೀನುಗಳ ಪಟ್ಟಿಯೊಂದನ್ನು ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯ 1849ರ ಸಂಪುಟದಲ್ಲಿ ಪ್ರಕಟಿಸಿದ. ಮಲಯದವರಿಗೆ ಕೋಳಿ ಅಂಕದ ಮೇಲಿರುವಷ್ಟೇ ಮೋಹ ಸಿಯಾಮಿನವರಿಗೆ ಮೀನಿನ ಕಾಳಗದ ಮೇಲಿದೆ, ಹಣವಷ್ಟೇ ಅಲ್ಲದೆ ಕೆಲವೊಮ್ಮೆ ತಮ್ಮನ್ನೂ ತಮ್ಮ ಮನೆಯವರನ್ನೂ ಪಣಕ್ಕೆ ಒಡ್ಡುತ್ತಾರೆ, ಕಾಳಗ ನಡೆಸುವ ಪರವಾನಗಿಯನ್ನು ಇಜಾರಕ್ಕೆ ಕೊಡಲಾಗುತ್ತದೆ, ಅದರಿಂದ ಅರಸನಿಗೆ ವರ್ಷವರ್ಷವೂ ಒಳ್ಳೆಯ ವರಮಾನವಿದೆ ಎಂದು ಅವನು ಬರೆದಿಟ್ಟಿದ್ದಾನೆ. ಇಜಾರವೆಂದರೆ ಒಂದು ತೆರಿಗೆಯನ್ನು ವಸೂಲು ಮಾಡುವ ಹಕ್ಕನ್ನು ಸರ್ಕಾರ ಖಾಸಗಿಯವರಿಗೆ ಗುತ್ತಿಗೆ ಕೊಡುವ ಪದ್ಧತಿ; 1824ರಿಂದ 1851ರವರೆಗೆ ಆಳಿದ ಮೂರನೆಯ ರಾಮನ ಕಾಲದಲ್ಲಿ ಸಿಯಾಮಿನ ಬೊಕ್ಕಸ ಈ ಪದ್ಧತಿಯನ್ನು ಬಹಳವಾಗಿ ಅವಲಂಬಿಸಿತ್ತು. ತುಳುನಾಡಿನ ಕೋಳಿ ಅಂಕವನ್ನು ಬಲ್ಲ ಓದುಗರಿಗೆ ಪಣ, ಹಠ, ಊರ ಪ್ರತಿಷ್ಠೆಗಳ ಈ ನಂಟು ಹೊಸದೆನಿಸದು.

ಕ್ಯಾಂಟರನ ಬರಹದಲ್ಲಿ ಸಾಕಣೆಯ ದೃಷ್ಟಿಯಿಂದ ಮುಖ್ಯವಾದ ಸಂಗತಿಗಳೂ ಇವೆ. ಸುಮ್ಮನಿದ್ದಾಗ ಮಂಕಾಗಿ ಕಾಣುವ ಮೀನು ಇನ್ನೊಂದು ಮೀನನ್ನೋ ಕನ್ನಡಿಯಲ್ಲಿ ತನ್ನ ಬಿಂಬವನ್ನೋ ಕಂಡ ಕೂಡಲೇ ರೆಕ್ಕೆಗಳನ್ನು ಬಿಚ್ಚಿ ಲೋಹದ ಹೊಳಪಿನಿಂದ ಬೆಳಗುವುದನ್ನು ಅವನು ವರ್ಣಿಸುತ್ತಾನೆ. ಕಾಳಗಕ್ಕೆಂದು ಇಟ್ಟುಕೊಂಡವು ಮನುಷ್ಯರು ಬೆಳೆಸಿದ ತಳಿಯೆಂದೂ, ಅವನ್ನು ಗಾಜಿನ ಪಾತ್ರೆಯ ನೀರಿನಲ್ಲಿಟ್ಟು ಸೊಳ್ಳೆ ಮುಂತಾದ ಕೀಟಗಳ ಮರಿಹುಳುಗಳನ್ನು ತಿನ್ನಿಸುತ್ತಾರೆಂದೂ ತಿಳಿಸುತ್ತಾನೆ. ಹೆಸರಿಡುವಲ್ಲಿ ಮಾತ್ರ ಅವನು ಎಡವಿದ. ಪೆನಾಂಗಿನ ಬೆಟ್ಟಗಳ ತೊರೆಗಳಲ್ಲಿದ್ದ ಬೇರೊಂದು ಜಾತಿಯನ್ನೂ ಸಿಯಾಮಿನ ಕಾಳಗದ ಮೀನನ್ನೂ ಒಂದೇ ಹೆಸರಿನಡಿ ಸೇರಿಸಿದ ಗೊಂದಲವನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಚಾರ್ಲ್ಸ್ ಟೇಟ್ ರೀಗನ್ ಬಿಡಿಸಿ, 1910ರಲ್ಲಿ ಸಿಯಾಮಿನ ಮೀನಿಗೆ ಈಗಿನ ಹೆಸರನ್ನು ಕೊಟ್ಟ. ಮನುಷ್ಯರು ನೂರಾರು ವರ್ಷ ಸಾಕಿ, ಅದರ ಮೇಲೆ ತೆರಿಗೆ ಹಾಕಿದ ಮೀನಿಗೆ ವಿಜ್ಞಾನದ ಹೆಸರು ದೊರೆತದ್ದು ಇಷ್ಟು ತಡವಾಗಿ.

ಸಾಕಣೆಯ ಹಳೆಯ ವಿಧಾನವನ್ನು ಹತ್ತಿರದಿಂದ ನೋಡಿದರೆ ಚಿಕ್ಕ ಪಾತ್ರೆ ಅದರ ಒಂದು ಘಟ್ಟ ಮಾತ್ರವೆಂದು ಸ್ಪಷ್ಟವಾಗುತ್ತದೆ. ಮರಿ ಮಾಡಿಸುವವರು ಗಂಡು ಮತ್ತು ಹೆಣ್ಣನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಅಕ್ಕಪಕ್ಕದಲ್ಲಿಟ್ಟು ಕೆಲವು ದಿನ ಒಂದನ್ನೊಂದು ನೋಡಲು ಬಿಡುತ್ತಿದ್ದರು. ಹೆಣ್ಣಿನ ಹೊಟ್ಟೆ ತುಂಬಿಕೊಂಡದ್ದು ಕಂಡ ಮೇಲೆ ಎರಡನ್ನೂ ನೀರುಗಿಡಗಳಿದ್ದ, ಬೆರಳುದ್ದದಷ್ಟೇ ನೀರಿದ್ದ ಮಣ್ಣಿನ ಬಾನಿಗೆ ಬಿಟ್ಟು ಮೇಲೆ ಮುಚ್ಚಿಡುತ್ತಿದ್ದರು. ಮೊಟ್ಟೆಯಿಟ್ಟ ಬಳಿಕ ಹೆಣ್ಣನ್ನು ತೆಗೆಯಬೇಕು, ಇಲ್ಲವಾದರೆ ಗಂಡು ಅದನ್ನು ಕೊಂದೀತು. ಮರಿಗಳು ಈಜತೊಡಗಿದ ಮೇಲೆ ಅವಕ್ಕೆ ಮೊದಲು ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕದಡಿದ್ದು ಅಥವಾ ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳು, ಆಮೇಲೆ ನೀರಿನ ಚಿಗಟ, ಇನ್ನೂ ಬೆಳೆದ ಮೇಲೆ ಸೊಳ್ಳೆಯ ಮರಿಹುಳು. ನೀರಿನ ಚಿಗಟವೆಂದರೆ ಕೊಳದ ನೀರನ್ನು ಕೆಂಪಾಗಿಸುವಷ್ಟು ಗುಂಪಾಗಿ ಬೆಳೆಯುವ, ಸಾಸಿವೆಗಿಂತ ಚಿಕ್ಕ ಕವಚದ ಜೀವಿ. ಥಾಯ್ಲೆಂಡಿನ ಸಾಕಣೆದಾರರಿಗೆ ಇಂದಿಗೂ ಅದೇ ಮುಖ್ಯ ಆಹಾರ. ಈ ಹಂತದಲ್ಲಿ ಮರಿಗಳೆಲ್ಲ ಅಗಲವಾದ ಬಾನಿ, ಹೂಜಿ, ಕೊಳಗಳಲ್ಲಿ ಒಟ್ಟಿಗೆ ಬೆಳೆಯುತ್ತಿದ್ದವು. ಸುಮಾರು ಎರಡು ತಿಂಗಳಾಗುವಾಗ ಗಂಡುಗಳು ಒಂದನ್ನೊಂದು ಕಚ್ಚತೊಡಗಿದರೆ ಆಗ ಅವನ್ನು ಒಂದೊಂದಾಗಿ ಬೇರ್ಪಡಿಸುವುದು, ಅಲ್ಲಿಂದ ಚಿಕ್ಕ ಪಾತ್ರೆಯ ಬಾಳು.

ಕಾಳಗದ ಮುಂಚಿನ ದಿನಗಳಲ್ಲಿ ಮೀನಿಗೆ ನಡೆಯುತ್ತಿದ್ದ ಆರೈಕೆ ಪೈಲ್ವಾನನ ಗರಡಿಮನೆಯ ದಿನಚರಿಗೆ ತೀರ ಹತ್ತಿರವಾದದ್ದು. ಸಾಕುವವನು ಅದನ್ನು ಇತರ ಗಂಡುಗಳ ಕಣ್ಣಿಗೆ ಬೀಳದಂತೆ ಕೆಲಕಾಲ ಮರೆಯಲ್ಲಿಡುತ್ತಿದ್ದ. ಆಮೇಲೆ ದೊಡ್ಡ ಪಾತ್ರೆಯಲ್ಲಿ ಹೆಣ್ಣು ಮೀನುಗಳ ಹಿಂದೆ ಓಡಲು ಬಿಡುತ್ತಿದ್ದ, ನೀರನ್ನು ಕೈಯಿಂದ ತಿರುವಿ ಸುಳಿಯೆಬ್ಬಿಸಿ ಅದರ ವಿರುದ್ಧ ಈಜಿಸಿ ಕಸರತ್ತು ಮಾಡಿಸುತ್ತಿದ್ದ, ಪಕ್ಕದಲ್ಲಿ ಇನ್ನೊಂದು ಗಂಡನ್ನು ಸ್ವಲ್ಪ ಹೊತ್ತು ತೋರಿಸಿ ರೋಷವನ್ನು ಅಳೆಯುತ್ತಿದ್ದ. ಆಹಾರವನ್ನು ಹೊಟ್ಟೆ ಉಬ್ಬದಷ್ಟೇ ಹಾಕುವುದು, ಉಳಿದದ್ದನ್ನು ತೆಗೆಯುವುದು, ಕದಡಿದ ನೀರನ್ನು ಬದಲಿಸುವುದು ಇವೆಲ್ಲ ಅವನದೇ ಕೆಲಸ. ನೀರಿಗೆ ಕಾಡುಬಾದಾಮಿ ಮರದ ಒಣಗಿದ ಎಲೆಯನ್ನೋ ಒಣಬಾಳೆಯ ಎಲೆಯನ್ನೋ ಹಾಕಿ ಚಹದ ಬಣ್ಣ ಬರುವವರೆಗೆ ನೆನೆಸುವ ಪದ್ಧತಿಗೆ ಇಲ್ಲಿ ವಿಶೇಷ ಸ್ಥಾನವಿತ್ತು. ಎಲೆಯಿಂದ ಇಳಿಯುವ ಟ್ಯಾನಿನ್ ಎಂಬ ಒಗರು ದ್ರವ್ಯ ಮತ್ತು ಇತರ ಆಮ್ಲಗಳು ನೀರನ್ನು ತುಸು ಆಮ್ಲೀಯವಾಗಿಸಿ ಬೂಷ್ಟು ಮತ್ತು ಕೆಲವು ರೋಗಾಣುಗಳ ಬೆಳವಣಿಗೆಯನ್ನು ತಗ್ಗಿಸುತ್ತವೆ. ಸಾಕುವವರು ಇದನ್ನು ರಸಾಯನಶಾಸ್ತ್ರದಿಂದ ಅರಿತವರಲ್ಲ, ಅಂಥ ನೀರಿನಲ್ಲಿ ಗಾಯ ಬೇಗ ಮಾಯುವುದನ್ನೂ ಹುರುಪೆ ಗಟ್ಟಿಯಾಗುವುದನ್ನೂ ಕಂಡು ನಂಬಿದವರು. ಮೀನಿನ ತವರಾದ ಜೌಗಿನ ನೀರೂ ಎಲೆ ಕೊಳೆತು ಇದೇ ಬಣ್ಣಕ್ಕೆ ತಿರುಗಿರುತ್ತದೆ ಎಂಬುದನ್ನು ನೆನೆದರೆ ಈ ನಂಬಿಕೆಯಲ್ಲಿ ಹುರುಳಿದೆ ಎನ್ನಬೇಕು.

ಕಾಳಗದ ದಿನ ಎರಡು ಸೀಸೆಗಳನ್ನು ಅಂಟಿಸಿಟ್ಟು ಮೀನುಗಳ ಗಾತ್ರವನ್ನು ಹೋಲಿಸಿ, ಜೋಡಿ ಒಪ್ಪಿಗೆಯಾದ ಮೇಲೆ ಎರಡನ್ನೂ ಒಂದೇ ಪಾತ್ರೆಗೆ ಬಿಡುತ್ತಿದ್ದರು. ಮೊದಲು ರೆಕ್ಕೆಗಳನ್ನೂ ಕಿವಿರಿನ ಮುಚ್ಚಳಗಳನ್ನೂ ಬಿಚ್ಚಿ ಬೆದರಿಸುವುದು, ಬಳಿಕ ಬಾಲ ಮತ್ತು ಪಕ್ಕೆಗಳಿಗೆ ಬಾಯಿ ಹಾಕುವುದು. ಆಗಾಗ ಎರಡರ ದವಡೆಗಳೂ ಒಂದಕ್ಕೊಂದು ಕಚ್ಚಿಕೊಂಡು ಎರಡೂ ಮೀನುಗಳು ತಿರುಚುತ್ತ ತಳಕ್ಕೆ ಇಳಿದು, ಮತ್ತೆ ಬಿಡಿಸಿಕೊಂಡು ಮೇಲಕ್ಕೆ ಬಂದು ಉಸಿರು ತೆಗೆದುಕೊಂಡು, ಪುನಃ ಎದುರಾಗುತ್ತವೆ. ಕಾಳಗ ಮುಂದುವರಿದಂತೆ ಎರಡು ಮೀನುಗಳ ಚಲನೆಗಳಿಗೆ ತಾಳ ಕೂಡಿಬರುವುದನ್ನೂ, ಜೊತೆಯಾಗಿ ಹೋರಾಡಿದ ಜೋಡಿಯ ಮಿದುಳಿನಲ್ಲಿ ಜೀನುಗಳ ಚಟುವಟಿಕೆ ಒಂದೇ ತೆರನಾಗುವುದನ್ನೂ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಸೋಲುಗೆಲುವನ್ನು ತೀರ್ಮಾನಿಸುತ್ತಿದ್ದದ್ದು ಗಾಯದ ಲೆಕ್ಕದಿಂದಲ್ಲ: ಯಾವ ಮೀನು ಎದುರಾಳಿಗೆ ಬೆನ್ನು ತಿರುಗಿಸಿ ಮತ್ತೆ ಎದುರಿಸಲು ಒಪ್ಪದೋ ಅದು ಸೋತಂತೆ. ಹೀಗಾಗಿ ತಳಿಗಾರರು ಆರಿಸಿದ್ದು ಬಣ್ಣವನ್ನಲ್ಲ, ಉದ್ದ ರೆಕ್ಕೆಯನ್ನೂ ಅಲ್ಲ. ಗಿಡ್ಡ ರೆಕ್ಕೆ, ಗಟ್ಟಿ ಮೈ ಮತ್ತು ಬಿಡದ ಹಟವನ್ನು. ಅಮೆರಿಕದ ಮೀನುಗಾರಿಕಾ ಆಯುಕ್ತನಾಗಿದ್ದು, 1923ರಲ್ಲಿ ಸಿಯಾಂ ಸರ್ಕಾರದ ಸಲಹೆಗಾರನಾಗಿ ಬಂದು ಅಲ್ಲಿನ ಮೀನುಗಾರಿಕಾ ಇಲಾಖೆಯ ಮೊದಲ ಮುಖ್ಯಸ್ಥನಾದ ಹ್ಯೂ ಮೆಕಾರ್ಮಿಕ್ ಸ್ಮಿತ್, ಕಾಡಿನಿಂದ ತಂದ ಮೀನುಗಳ ಕಾಳಗ ಬೇಗನೆ ಮುಗಿಯುವುದನ್ನೂ ಮಡಕೆಯ ಮರಿಗಳದ್ದು ಗಂಟೆಗಟ್ಟಲೆ ನಡೆಯುವುದನ್ನೂ ದಾಖಲಿಸಿದ್ದಾನೆ. 1935ರ ಜೂಜಿನ ಕಾಯ್ದೆ ಮೀನಿನ ಕಾಳಗವನ್ನು ಪರವಾನಗಿ ಪಡೆದು ನಡೆಸಬಹುದಾದ ಆಟಗಳ ಪಟ್ಟಿಗೆ ಸೇರಿಸಿತು.

ಹೀಗೆ ನೋಡಿದರೆ ಚಿಕ್ಕ ಪಾತ್ರೆ ಮೂರು ಆಸರೆಗಳ ಮೇಲೆ ನಿಂತಿತ್ತು. ವರ್ಷದ ಬಹುಭಾಗ ನೀರನ್ನು ತಾನಾಗಿಯೇ ಬೆಚ್ಚಗಿಡುವ ಬ್ಯಾಂಕಾಕಿನ ಹವೆ ಒಂದು. ಸುತ್ತಲಿನ ಕಾಲುವೆ ಮತ್ತು ಕೊಳಗಳಲ್ಲಿ ಹಿಡಿದು ತಂದು ಹಾಕಬಹುದಾದ ಜೀವಂತ ಆಹಾರ ಇನ್ನೊಂದು. ನೀರನ್ನು ಬದಲಿಸಲು ಬೇಸರಿಸದ, ತನ್ನ ಹಣ ಆ ಮೀನಿನ ಮೇಲೆ ನಿಂತಿದೆಯೆಂದು ಬಲ್ಲ ಯಜಮಾನ ಮೂರನೆಯದು. ಅದರ ಮೇಲೆ, ಕಾಳಗದ ಮೀನು ಆ ಪಾತ್ರೆಯಲ್ಲಿ ಬದುಕಬೇಕಾಗಿದ್ದ ಕಾಲವೂ ಚಿಕ್ಕದು. ಅದರ ಉಪಯೋಗ ಎಳೆಯ ವಯಸ್ಸಿನ ಕೆಲವು ತಿಂಗಳುಗಳಿಗೆ ಸೀಮಿತ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜೀವಂತ ಬೆಟ್ಟಾಗಳು ಮೊದಲು ಫ್ರಾನ್ಸಿಗೆ, ಆಮೇಲೆ ಜರ್ಮನಿಗೆ ತಲುಪಿದವು; ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕಕ್ಕೂ ಹೋದವು. ದೀರ್ಘ ಹಡಗು ಪ್ರಯಾಣದಲ್ಲಿ ಇತರ ಮೀನುಗಳು ಉಸಿರುಗಟ್ಟಿ ಸಾಯುವಾಗ ಗಾಳಿಯನ್ನು ನುಂಗಬಲ್ಲ ಈ ಮೀನು ಉಳಿದುಕೊಂಡದ್ದು ಅದರ ಜನಪ್ರಿಯತೆಗೆ ಮೊದಲ ಕಾರಣ. ಆದರೆ ಯುರೋಪಿನ ಚಳಿಗೆ ಅದು ತಾಳಲಿಲ್ಲ. ವಿದ್ಯುತ್ ಹೀಟರು ಸಾಮಾನ್ಯವಾಗುವ ಮೊದಲು ಅಲ್ಲಿನ ಹವ್ಯಾಸಿಗಳು ತೊಟ್ಟಿಯ ಲೋಹದ ಅಥವಾ ಕಲ್ಲಿನ ತಳಕ್ಕೆ ಸಣ್ಣ ದೀಪದ ಉರಿ ತಗಲುವಂತಿಟ್ಟು ನೀರನ್ನು ಕಾಯಿಸುತ್ತಿದ್ದರು, ಹತ್ತಿರದ ಕೊಳಗಳಿಂದ ನೀರಿನ ಚಿಗಟಗಳನ್ನು ಬಲೆಯಲ್ಲಿ ಹಿಡಿದು ತರುತ್ತಿದ್ದರು. ಅಂದರೆ ಆ ಮೊದಲ ತಲೆಮಾರಿನವರಿಗೆ ಬೆಟ್ಟಾ ಬಿಸಿ ದೇಶದ, ಹುಳು ತಿನ್ನುವ ಮೀನೆಂಬ ಅರಿವು ಸ್ಪಷ್ಟವಾಗಿತ್ತು. ಸಂಭಾಳಿಸಲು ಕಷ್ಟವಾದ ವಸ್ತುವನ್ನು ಸುಲಭದ್ದೆಂದು ಮಾರುವ ಕಾಲ ಇನ್ನೂ ಬಂದಿರಲಿಲ್ಲ.

ಪರದೇಶಗಳಿಗೆ ಹೋದ ಮೀನಿನ ರೂಪವೂ ಬದಲಾಯಿತು. ಕಾಳಗದವರಿಗೆ ಬೇಡವಾಗಿದ್ದ ಉದ್ದ ರೆಕ್ಕೆಯ, ಬಣ್ಣದ ಮರಿಗಳನ್ನು ಅಂದಕ್ಕಾಗಿ ಬೆಳೆಸುವ ಇನ್ನೊಂದು ಕವಲು ಸಿಯಾಮಿನಲ್ಲಿಯೇ ಮೊದಲಾಗಿತ್ತು. ವಿದೇಶಕ್ಕೆ ಹೆಚ್ಚಾಗಿ ಹೋದದ್ದು ಇದು. 1927ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫ್ರ್ಯಾಂಕ್ ಲಾಕ್ ತರಿಸಿಕೊಂಡ ಮೀನುಗಳಲ್ಲಿ ತಿಳಿ ಮೈಯ, ಕೆಂಪು ರೆಕ್ಕೆಯ ಒಂದು ಬಗೆ ಎಷ್ಟು ಬೇರೆಯಾಗಿ ಕಂಡಿತೆಂದರೆ ಅದನ್ನು ಹೊಸ ಜಾತಿಯೆಂದೇ ಭಾವಿಸಿ ‘ಬೆಟ್ಟಾ ಕಾಂಬೋಡಿಯ’ ಎಂದು ಹೆಸರಿಟ್ಟರು. 1934ರಲ್ಲಿ ಗುಡ್ರಿಚ್ ಮತ್ತು ಮರ್ಸರ್ ಎಂಬ ವಿಜ್ಞಾನಿಗಳು ಈ ಬಣ್ಣಗಳ ಆನುವಂಶಿಕತೆಯನ್ನು ವಿವರಿಸಿದ ಮೇಲೆ ಅದು ಒಂದೇ ಜಾತಿಯ ಬಣ್ಣಭೇದವೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಬಿಳಿ ಮೈಯಲ್ಲಿ ಬಣ್ಣದ ಮಚ್ಚೆಗಳು ಹರಡಿ, ವಯಸ್ಸಾದಂತೆ ಜಾಗ ಬದಲಿಸುವ ‘ಮಾರ್ಬಲ್’ ತಳಿಯ ಮೂಲ ಅಮೆರಿಕದ ಇಂಡಿಯಾನ ರಾಜ್ಯದ ಸೆರೆಮನೆಯಲ್ಲಿದೆ: ಅಲ್ಲಿನ ಕೈದಿಯೊಬ್ಬ ಕಡಲೆಕಾಯಿ ಬೆಣ್ಣೆಯ ಖಾಲಿ ಸೀಸೆಗಳಲ್ಲಿ ಮೀನು ಬೆಳೆಸುತ್ತ ಅದನ್ನು ಪಡೆದನೆಂಬುದು ತಳಿಗಾರರ ವಲಯದಲ್ಲಿ ಪ್ರಸಿದ್ಧ ಸಂಗತಿ. ಬಾಲವನ್ನು ಬಿಚ್ಚಿದಾಗ ಅರ್ಧ ವೃತ್ತವಾಗುವ ‘ಹಾಫ್‌ಮೂನ್’ ತಳಿಯನ್ನು ಯುರೋಪ್ ಮತ್ತು ಅಮೆರಿಕದ ತಳಿಗಾರರು 1980 ಮತ್ತು 90ರ ದಶಕಗಳಲ್ಲಿ ಸ್ಥಿರಗೊಳಿಸಿದರು. ರೆಕ್ಕೆಯ ಕಡ್ಡಿಗಳು ಪೊರೆಯನ್ನು ಮೀರಿ ಮುಳ್ಳಿನಂತೆ ಚಾಚುವ ‘ಕ್ರೌನ್‌ಟೇಲ್’ 90ರ ದಶಕದಲ್ಲಿ ಇಂಡೋನೇಷ್ಯದಲ್ಲಿ ಹುಟ್ಟಿತು. ಈ ಸೊಗಸಿಗೆ ಮೀನು ಬೆಲೆ ತೆತ್ತಿದೆ. ಗದ್ದೆಯ ಗಿಡ್ಡ ರೆಕ್ಕೆಯ ಮೀನು ಚಿಮ್ಮಿ ಹುಳು ಹಿಡಿಯುವಲ್ಲಿ, ಸೆರಗಿನಂತಹ ಬಾಲವನ್ನು ಎಳೆದುಕೊಂಡು ಈಜುವ ಹಾಫ್‌ಮೂನ್ ಬೇಗ ದಣಿಯುತ್ತದೆ, ಚೂಪಾದ ಕಲ್ಲು ಅಥವಾ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ರೆಕ್ಕೆ ಹರಿದುಕೊಳ್ಳುತ್ತದೆ.

ಬೇಡಿಕೆ ಹೆಚ್ಚಿದಂತೆ ಥಾಯ್ಲೆಂಡಿನ ಸಾಕಣೆ ಕೈಗಾರಿಕೆಯ ಗಾತ್ರಕ್ಕೆ ಬೆಳೆಯಿತು. ಬ್ಯಾಂಕಾಕಿನ ಪಶ್ಚಿಮಕ್ಕಿರುವ ನಖೋನ್ ಪಥೋಮ್ ಪ್ರಾಂತ್ಯ ಇಂದು ಅದರ ಮುಖ್ಯ ಕೇಂದ್ರಗಳಲ್ಲಿ ಒಂದು. ಅಲ್ಲಿ ಮಣ್ಣಿನ ಮಡಕೆಯ ಸ್ಥಾನಕ್ಕೆ ಬಂದದ್ದು ಕುಡಿದು ಎಸೆದ ಚಪ್ಪಟೆ ವಿಸ್ಕಿ ಸೀಸೆಗಳು. ಅಗ್ಗ, ಗಟ್ಟಿ, ಒತ್ತೊತ್ತಾಗಿ ಜೋಡಿಸಲು ಅನುಕೂಲ. ಸಾವಿರಾರು ಸೀಸೆಗಳು ನೆಲದ ಮೇಲೆ ಹಾಸುಗಲ್ಲಿನಂತೆ ಹರಡಿಕೊಂಡಿದ್ದು, ಪಕ್ಕದ ಮೀನು ಕಾಣದಂತೆ ನಡುನಡುವೆ ಕಾಗದ ಸಿಕ್ಕಿಸಿರುವ ನೋಟ ಈ ಕೈಗಾರಿಕೆಯ ಗುರುತೇ ಆಯಿತು. ವಿಮಾನ ಸಾಗಣೆ ಬಂದ ಮೇಲೆ ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ ಕೆಲವೇ ಗುಟುಕು ನೀರು ಮತ್ತು ಗಾಳಿ ತುಂಬಿ ಒಂದೊಂದು ಮೀನನ್ನು ಕಳಿಸುವುದು ಸಾಧ್ಯವಾಯಿತು. ಸೀಸೆ ಮಾರಾಟಕ್ಕೆ ಕಾಯುವ ಜಾಗ, ಚೀಲ ಪ್ರಯಾಣದ ಜಾಗ. ಆದರೆ ಕೊಳ್ಳುವವರ ಕಣ್ಣಿಗೆ ಬಿದ್ದದ್ದು ಇವೆರಡೇ ಆದ್ದರಿಂದ ಮೀನಿನ ಮನೆಯೇ ಅಷ್ಟೆಂದು ಅವರು ತಿಳಿದುಕೊಂಡರು. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಹೂದಾನಿಯ ನೀರಿನಲ್ಲಿ ಬೆಟ್ಟಾವನ್ನು ಬಿಟ್ಟು ಮೇಲೆ ಒಂದು ಅಲಂಕಾರದ ಗಿಡವನ್ನು ನೆಟ್ಟು, ಮೀನು ಆ ಗಿಡದ ಬೇರುಗಳನ್ನೇ ತಿಂದು ಬದುಕುತ್ತದೆಂದು ಹೇಳಿ ಮಾರುವ ಗೀಳು ಹಬ್ಬಿತು. ಸೊಳ್ಳೆಯ ಮರಿಹುಳು ತಿನ್ನಲೆಂದೇ ಬಾಯಿ ಮೇಲ್ಮುಖವಾಗಿ ಬೆಳೆದಿರುವ ಮೀನಿಗೆ ಬೇರಿನ ಊಟ! ಉಪವಾಸದಲ್ಲಿ ನಿಧಾನವಾಗಿ ಸಾಯುವ ಮೀನನ್ನು ‘ಆರೈಕೆ ಬೇಡದ ಮೀನು’ ಎಂದು ಕರೆದದ್ದು ಈ ಇತಿಹಾಸದ ಅತ್ಯಂತ ನಾಚಿಕೆಗೇಡಿನ ಅಧ್ಯಾಯ.

ಥಾಯ್ಲೆಂಡಿನಲ್ಲಿ ಈ ಮೀನಿನ ಗೌರವ ಬೇರೆಯದೇ ದಿಕ್ಕಿನಲ್ಲಿ ಬೆಳೆಯಿತು. 2016ರಲ್ಲಿ ದೇಶದ ಬಾವುಟದ ಕೆಂಪು, ಬಿಳಿ, ನೀಲಿ ಪಟ್ಟೆಗಳನ್ನೇ ಹೋಲುವ ಒಂದು ಬೆಟ್ಟಾ ಹರಾಜಿನಲ್ಲಿ 53,500 ಬಾತ್‌ಗೆ ಮಾರಾಟವಾಯಿತು; 2019ರ ಫೆಬ್ರವರಿ 5ರಂದು ಸರ್ಕಾರದ ಸಂಪುಟ ಬೆಟ್ಟಾ ಸ್ಪ್ಲೆಂಡೆನ್ಸ್ ಜಾತಿಯನ್ನು ರಾಷ್ಟ್ರೀಯ ಜಲಚರವೆಂದು ಒಪ್ಪಿತು. ಅದೇ ಕಾಲದಲ್ಲಿ ಅದರ ಕಾಡಿನ ಬಂಧುಗಳ ನೆಲೆ ಕುಗ್ಗುತ್ತ ಬಂದಿದೆ. ಬ್ಯಾಂಕಾಕಿನ ಪಕ್ಕದ ಸಮುತ್ ಸಾಖೋನಿನಲ್ಲಿ, ತುಸು ಉಪ್ಪಿನಂಶವಿರುವ ನೀರಿನಲ್ಲಿ ಬೆಳೆಯುವ ನೀಪಾ ತಾಳೆಯ ಗುಂಪುಗಳ ನಡುವೆ ಬದುಕುವ ಬೆಟ್ಟಾ ಮಹಾಚೈಯೆನ್ಸಿಸ್ ಎಂಬ ಜಾತಿಗೆ 2012ರಲ್ಲಷ್ಟೇ ಶಾಸ್ತ್ರೀಯ ಹೆಸರು ಸಿಕ್ಕಿತು, ಮತ್ತು ಅದರ ನೆಲೆಯ ಸುತ್ತ ಕಾರ್ಖಾನೆ ಮತ್ತು ವಸತಿಗಳು ಬೆಳೆಯುತ್ತಿವೆ. ಸಾಕಿದ ಮೀನುಗಳನ್ನು ಕಾಲುವೆಗೆ ಬಿಡುವುದರಿಂದಲೂ ತೊಂದರೆಯಿದೆ: ಸಾಕಿದ ತಳಿಗಳಿಗೂ ಕಾಡಿನ ಜಾತಿಗಳಿಗೂ ನಡುವೆ ಎರಡೂ ದಿಕ್ಕಿನಲ್ಲಿ ಸಂಕರ ನಡೆದಿರುವುದನ್ನು 2022ರ ಅದೇ ಜೀನೋಮ್ ಅಧ್ಯಯನ ಕಂಡುಕೊಂಡಿದೆ.

ಭಾರತದಲ್ಲಿ ಅಲಂಕಾರದ ಮೀನಿನ ವ್ಯಾಪಾರಕ್ಕೆ ಚೆನ್ನೈನ ಕೊಳತ್ತೂರು ಮತ್ತು ಕಲ್ಕತ್ತೆಯ ಸುತ್ತಲಿನ ಊರುಗಳು ದೊಡ್ಡ ಕೇಂದ್ರಗಳು. ಕರ್ನಾಟಕದ ಅಂಗಡಿಗಳಿಗೆ ‘ಫೈಟರ್’ ಬರುವ ದಾರಿಗಳಲ್ಲಿ ಕೊಳತ್ತೂರೂ ಒಂದು. ಇಲ್ಲಿ ಈ ಮೀನಿನ ಕಾಳಗದ ಪರಂಪರೆ ಇರಲಿಲ್ಲ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಗಳ ಕಾಳಗವನ್ನು ಅಪರಾಧವೆಂದೇ ಎಣಿಸುತ್ತದೆ. ಹಾಗಿದ್ದೂ ಕಾಳಗದವರ ಪಾತ್ರೆ ಮಾತ್ರ ಯಾವ ಪ್ರಶ್ನೆಯೂ ಇಲ್ಲದೆ ಬಂದು ನೆಲೆಯೂರಿತು. ಹವೆಯ ಲೆಕ್ಕದಲ್ಲಿ ಮಂಗಳೂರಿನ ಮನೆ ಬ್ಯಾಂಕಾಕಿಗೆ ಹತ್ತಿರ, ಬೆಂಗಳೂರಿನ ಮನೆ ದೂರ. ಬೆಟ್ಟಾಕ್ಕೆ ಹಿತವಾದ ನೀರಿನ ಉಷ್ಣತೆ ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಹವೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವಾಗ ಲೋಟದ ನೀರು ಬೆಳಗಾಗುವುದರೊಳಗೆ ಹವೆಯಷ್ಟೇ ತಣ್ಣಗಾಗುತ್ತದೆ. ಆಗ ಮೀನು ತಳದಲ್ಲಿ ಮಂಕಾಗಿ ಕೂತು, ಆಹಾರ ಬಿಟ್ಟು, ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ನೀರು ಹೆಚ್ಚಿದ್ದಷ್ಟೂ ಉಷ್ಣತೆ ನಿಧಾನವಾಗಿ ಏರಿಳಿಯುತ್ತದೆ, ಅಮೋನಿಯ ತೆಳುವಾಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಆ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಗದ್ದೆಯ ಕೆಸರು ಮಾಡುತ್ತಿದ್ದ ಕೆಲಸವನ್ನೇ ಇದು ಚಿಕ್ಕದಾಗಿ ಮಾಡುತ್ತದೆ, ಆದರೆ ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಕೆಲವು ವಾರಗಳು ಬೇಕು.

ಈ ಎಲ್ಲ ಕಾರಣಗಳಿಂದ ಇಂದು ಅನುಭವಿ ಸಾಕಣೆದಾರರು ಒಂದು ಗಂಡು ಬೆಟ್ಟಾಕ್ಕೆ ಸುಮಾರು 20 ಲೀಟರ್ ನೀರು ಹಿಡಿಯುವ ತೊಟ್ಟಿಯನ್ನು ಕನಿಷ್ಠವೆಂದು ಎಣಿಸುತ್ತಾರೆ. ಅದರಲ್ಲಿ ನೀರನ್ನು ಜೋರಾಗಿ ನೂಕದ ಸ್ಪಂಜಿನ ಫಿಲ್ಟರು, ಚಳಿಗಾಲಕ್ಕೆ ಹೀಟರು, ಎಲೆಗಳ ಮೇಲೆ ಮೀನು ಒರಗಬಹುದಾದ ಮೃದುವಾದ ನೀರುಗಿಡಗಳು ಇರಬೇಕು. ನೆಗೆಯುವ ಮೀನಾದ್ದರಿಂದ ಮುಚ್ಚಳ ಬೇಕೇಬೇಕು. ಅದು ಉಸಿರಾಡುವ ಮೇಲಿನ ಗಾಳಿಯೂ ಮುಚ್ಚಳದಿಂದ ಬೆಚ್ಚಗಿರುತ್ತದೆ. ನಲ್ಲಿಯ ನೀರಿನ ಕ್ಲೋರಿನ್ ಕಿವಿರುಗಳನ್ನು ಸುಡುವುದರಿಂದ ಅದನ್ನು ತೆಗೆದ ನೀರನ್ನೇ ಹಾಕಬೇಕು, ವಾರಕ್ಕೊಮ್ಮೆ ಒಂದು ಪಾಲನ್ನು ಬದಲಿಸಬೇಕು. ಆಹಾರದಲ್ಲಿ ಹಳೆಯ ಸಿಯಾಮಿನ ರೂಢಿಯೇ ಇಂದಿಗೂ ಸರಿ: ಪ್ರಾಣಿಜನ್ಯ ಪ್ರೋಟೀನು ಹೆಚ್ಚಿರುವ ಸಣ್ಣ ಗುಳಿಗೆಗಳನ್ನು ದಿನಕ್ಕೆ ಎರಡು ಸಲ ಕೆಲವೇ ಕಾಳುಗಳಂತೆ ಕೊಟ್ಟು, ಆಗಾಗ ನೀರಿನ ಚಿಗಟವನ್ನೋ ಹೆಪ್ಪುಗಟ್ಟಿಸಿದ ಹುಳುಗಳನ್ನೋ ಸೇರಿಸಿ, ತಿನ್ನದೆ ಉಳಿದದ್ದನ್ನು ತೆಗೆದುಬಿಡುವುದು. ಮೋರಿಯ ನೀರಿನಿಂದ ತಂದ ಹುಳುಗಳು ರೋಗವನ್ನೂ ತರುತ್ತವೆ. ಹೀಗೆ ನೋಡಿಕೊಂಡ ಮೀನು ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸು ಬದುಕುತ್ತದೆ. ಮನೆಗೆ ಬೆಟ್ಟಾ ತರಬೇಕೆನ್ನುವವರು ಮೊದಲು ತೊಟ್ಟಿಯನ್ನು ಕೊಂಡು, ಅದರಲ್ಲಿ ನೀರನ್ನು ಕೆಲವು ವಾರ ಹದಗೊಳಿಸಿ, ಮೀನನ್ನು ಆಮೇಲೆ ಕೊಳ್ಳಬೇಕು.